ಮೊದಲು ವಯಸ್ಸು ಹೇಳಿ

ನನ್ನ ಮುಂದೆ ಯಾರಾದರೂ ಕಿಡ್ನಿಯಲ್ಲಿ ಗಡ್ಡೆ ಅಂದರೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ವಯಸ್ಸೆಷ್ಟು? ಗಡ್ಡೆ ಎಷ್ಟು ದೊಡ್ಡದು, ನೋವಿದೆಯೇ, ಮೂತ್ರದಲ್ಲಿ ರಕ್ತ ಹೋಗಿದೆಯೇ, ಇವೆಲ್ಲ ಆಮೇಲೆ. ಯಾರದೋ ಮದುವೆ ಊಟಕ್ಕೆ ಕೂತಾಗ ಪಕ್ಕದವರು ತಮ್ಮ ಭಾವನ ಸ್ಕ್ಯಾನಿನ ವಿಷಯ ತೆಗೆದರೂ ಕೋಸಂಬರಿ ಅಲ್ಲಿಗೇ ಬಿಟ್ಟು ಇದನ್ನೇ ಕೇಳುತ್ತೇನೆ. ನನ್ನ ಗಂಡ ಮೇಜಿನ ಕೆಳಗೆ ಕಾಲು ತುಳಿಯುತ್ತಾರೆ. ತುಳಿಯಲಿ. ನಾನು ಪೆಥಾಲಜಿಸ್ಟ್. ನೈರೋಬಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ, ಆಪರೇಷನ್ ಮಾಡಿ ತೆಗೆದದ್ದನ್ನೆಲ್ಲ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥದ್ದು ಎಂದು ಬರೆದುಕೊಡುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಅಷ್ಟೂ ಅಂಗಗಳಲ್ಲಿ ನನಗೆ ಕಿಡ್ನಿ ಅಂದರೆ ಪ್ರಾಣ.

ಯಾಕೆಂದರೆ ಕಿಡ್ನಿ ವಯಸ್ಸಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತದೆ. ಅರವತ್ತರ ಆಸುಪಾಸಿನ ಗಂಡಸಿನ ಕಿಡ್ನಿ ಬಂದರೆ, ಚಾಕು ಇಡುವ ಮೊದಲೇ ಒಳಗಿನ ಬಣ್ಣ ನನ್ನ ಕಣ್ಣಿಗೆ ಕಟ್ಟುತ್ತದೆ. ಹೊಂಬಣ್ಣ, ನಡುನಡುವೆ ರಕ್ತದ ಕಲೆ. ಅದು ದೊಡ್ಡವರಿಗೆ ಬರುವ ಮಾಮೂಲಿ ಕಿಡ್ನಿ ಕ್ಯಾನ್ಸರ್. ಅದೇ ವಯಸ್ಸಿನಲ್ಲಿ ಅಪರೂಪಕ್ಕೊಮ್ಮೆ ಕಂದು ಬಣ್ಣದ, ನಟ್ಟನಡುವೆ ಹಳೇ ಗಾಯದ ಗುರುತಿನಂಥ ಬಿಳಿ ಗೆರೆ ಇರುವ ಗಡ್ಡೆ ಸಿಗುತ್ತದೆ. ಅದು ಯಾರಿಗೂ ಏನೂ ಮಾಡುವುದಿಲ್ಲ, ಅದನ್ನು ಕಂಡ ದಿನ ನಾನು ಕಾರಿಡಾರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರುತ್ತೇನೆ. ನಲವತ್ತು ಐವತ್ತರ ಹೆಂಗಸರಲ್ಲಿ ಕೊಬ್ಬು, ರಕ್ತನಾಳ, ಸ್ನಾಯು ಮೂರೂ ಕಲಸಿಕೊಂಡ ಗಡ್ಡೆ. ಅದು ಕ್ಯಾನ್ಸರ್ ಅಲ್ಲ, ಆದರೆ ದೊಡ್ಡದಾದರೆ ಒಳಗೇ ರಕ್ತ ಸೋರಿಸಿ ಹೆದರಿಸುತ್ತದೆ. ಹದಿಹರೆಯದವರ ಗಡ್ಡೆಗೆ ನಾನು ಹೆದರುತ್ತೇನೆ. ಪಶ್ಚಿಮದ ಸರೋವರದ ಕಡೆಯಿಂದಲೋ ಕರಾವಳಿಯಿಂದಲೋ ಬಂದ, ರಕ್ತದಲ್ಲಿ ಸಿಕಲ್ ಸೆಲ್ ಗುಣವಿರುವ ಹುಡುಗ ಹುಡುಗಿಯರಿಗೆ ಬರುವ ಒಂದು ಜಾತಿ ಇದೆ. ಅದರ ವರದಿ ಬರೆದ ದಿನ ನನಗೆ ಊಟ ಸೇರುವುದಿಲ್ಲ.

ಇನ್ನು ಮಕ್ಕಳು. ಎರಡು, ಮೂರು, ನಾಲ್ಕು ವರ್ಷದ ಮಗುವಿನ ಕಿಡ್ನಿಯಲ್ಲಿ ಗಡ್ಡೆ ಎಂದರೆ ಹೆಚ್ಚಿನ ಪಾಲು ನೆಫ್ರೋಬ್ಲಾಸ್ಟೋಮಾ. ಹೆಸರು ಕೇಳಿದರೆ ಭಯ, ಆದರೆ ಔಷಧಿಗೆ ಚೆನ್ನಾಗಿ ಬಗ್ಗುವ ಕ್ಯಾನ್ಸರ್ ಅದು. ಇಲ್ಲಿ ಮಕ್ಕಳು ತಡವಾಗಿ, ಹೊಟ್ಟೆ ತುಂಬ ಗಡ್ಡೆ ಹೊತ್ತು ಬರುತ್ತಾರೆ. ಹಾಗಾಗಿ ನಮ್ಮಲ್ಲಿ ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡುತ್ತಾರೆ. ಆದರೆ ಆರು ತಿಂಗಳೂ ತುಂಬದ ಕೂಸಾದರೆ ಲೆಕ್ಕವೇ ಬೇರೆ. ಅಲ್ಲಿ ಮೀಸೋಬ್ಲಾಸ್ಟಿಕ್ ನೆಫ್ರೋಮಾ ಅನ್ನುವ ಇನ್ನೊಂದು ಗಡ್ಡೆ ಇರುವ ಸಾಧ್ಯತೆ ದೊಡ್ಡದು. ಪೂರ್ತಿ ಕತ್ತರಿಸಿ ತೆಗೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು, ಕೀಮೋ ಬೇಕಿಲ್ಲ. ಕೊಟ್ಟರೆ ಆ ಗಡ್ಡೆ ಕುಗ್ಗುವ ಭರವಸೆ ಇಲ್ಲ, ಕೂಸು ಮಾತ್ರ ಬಳಲುತ್ತದೆ, ವಾರಗಳೂ ಕೈಜಾರುತ್ತವೆ. ಅದಕ್ಕೇ ಆರು ತಿಂಗಳೊಳಗಿನ ಕೂಸಿಗೆ ಮೊದಲು ಆಪರೇಷನ್, ಆರು ದಾಟಿದರೆ ಮೊದಲು ಕೀಮೋ. ಈ ಒಂದು ಗೆರೆಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ನಮ್ಮ ಲ್ಯಾಬಿನಲ್ಲಿ ಇದಕ್ಕೊಂದು ಆಟವೇ ಇದೆ. ಕಿಡ್ನಿಯ ಡಬ್ಬಿ ಬಂದ ಕೂಡಲೇ ಯಾರೂ ಮುಚ್ಚಳ ತೆಗೆಯುವಂತಿಲ್ಲ. ತರಬೇತಿಗೆ ಬಂದಿರುವ ಕಿರಿಯ ಡಾಕ್ಟರೊಬ್ಬಳು ಕಾಗದ ನೋಡಿ ವಯಸ್ಸನ್ನು ಮಾತ್ರ ಗಟ್ಟಿಯಾಗಿ ಓದುತ್ತಾಳೆ. ಎಲ್ಲರೂ ಬಿಳಿ ಹಲಗೆಯ ಮೇಲೆ ತಮ್ಮ ತಮ್ಮ ಊಹೆ ಬರೆಯಬೇಕು. ಸೋತವರು ಎಲ್ಲರಿಗೂ ಚಹಾ ಮಾಡಬೇಕು. ನಾನು ಚಹಾ ಮಾಡಿದ್ದು ಬಹಳ ಕಡಿಮೆ. ಜಂಬ ಇತ್ತು, ಇಲ್ಲ ಅನ್ನುವುದಿಲ್ಲ. ಅದು ಇಳಿದದ್ದು ಒಂದು ಅನ್ನಪ್ರಾಶನದಿಂದ.

ಇಲ್ಲಿನ ಲಂಗಾಟಾ ಬಡಾವಣೆಯಲ್ಲಿ ನಮ್ಮ ಕಡೆಯ ಒಂದು ಸಂಸಾರ. ಹುಡುಗ ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾನೆ. ಹುಡುಗಿ ಹೆರಿಗೆಗೆ ಬೆಂಗಳೂರಿಗೆ ಹೋಗಿ, ಹೆಣ್ಣು ಕೂಸನ್ನೂ ಬಾಣಂತನ ಮಾಡುತ್ತಿದ್ದ ತನ್ನ ತಾಯಿಯನ್ನೂ ಜೊತೆಗೆ ಕರೆದುಕೊಂಡು ವಾಪಸು ಬಂದಿದ್ದಳು. ಬಂದ ಸ್ವಲ್ಪ ದಿನಕ್ಕೇ ಕೂಸಿನ ಅನ್ನಪ್ರಾಶನ, ಭಾನುವಾರ ಬನ್ನಿ ಎಂದು ಕರೆದರು. ಹೋದೆವು. ಅಜ್ಜಿ ಚಿನ್ನದ ಉಂಗುರವನ್ನು ಪಾಯಸದಲ್ಲಿ ಅದ್ದಿ ಕೂಸಿನ ನಾಲಿಗೆಗೆ ಸವರಿದರು. ಕೂಸು ಮುಖ ಹುಳ್ಳಗೆ ಮಾಡಿತು, ಎಲ್ಲರೂ ನಕ್ಕೆವು. ಅದರ ಕತ್ತು ಇನ್ನೂ ಚೂರು ವಾಲುತ್ತಿತ್ತು. ಡಾಕ್ಟರಾದ ನಾನು ಅದನ್ನು ಗಮನಿಸಬೇಕಿತ್ತು. ನನ್ನ ಗಮನವೆಲ್ಲ ಪಾಯಸದ ಮೇಲಿತ್ತು, ಎರಡು ಸಲ ಹಾಕಿಸಿಕೊಂಡೆ.

ಮೂರು ವಾರ ಕಳೆದಿತ್ತು. ಹುಡುಗಿಯ ಫೋನ್ ಬಂತು.

“ಆಂಟಿ, ಅಮ್ಮ ಮಗುಗೆ ಎಣ್ಣೆ ಹಚ್ಚಿ ಎರೀತಾ ಇದ್ರು. ಹೊಟ್ಟೆ ಲೆಫ್ಟ್ ಸೈಡಲ್ಲಿ ಏನೋ ಹಾರ್ಡ್ ಆಗಿ ಸಿಗತ್ತೆ ಅಂತಿದಾರೆ. ಗ್ಯಾಸ್ ಇರ್ಬೋದಾ?”

“ಗ್ಯಾಸ್ ಗಟ್ಟಿಯಾಗಿ ಸಿಗಲ್ಲ ಕಣಮ್ಮ. ಇವತ್ತೇ ಕರ್ಕೊಂಡ್ ಬಾ,” ಅಂದೆ.

ಅಲ್ಟ್ರಾಸೌಂಡ್ ಆಯಿತು, ಸಿ.ಟಿ. ಆಯಿತು. ಎಡ ಕಿಡ್ನಿಯಲ್ಲಿ ದೊಡ್ಡ ಗಡ್ಡೆ. ಪುಣ್ಯಕ್ಕೆ ಶ್ವಾಸಕೋಶ ಚೊಕ್ಕಟವಾಗಿತ್ತು. ಇದೆಲ್ಲ ಮುಗಿಯುವ ಹೊತ್ತಿಗೆ ಇನ್ನೆರಡು ವಾರ ಹೋಗಿ, ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಸಭೆಯಲ್ಲಿ ಆ ಕೂಸಿನ ಸರದಿ ಬಂತು. ಮಕ್ಕಳ ಸರ್ಜನ್ನು, ಕ್ಯಾನ್ಸರ್ ಡಾಕ್ಟರು, ಸ್ಕ್ಯಾನ್ ಓದುವವರು, ನಾನು, ಎಲ್ಲರೂ ಒಟ್ಟಿಗೆ ಕೂತು ಯಾರಿಗೆ ಯಾವ ಚಿಕಿತ್ಸೆ ಎಂದು ತೀರ್ಮಾನಿಸುವ ಸಭೆ ಅದು. ಕೂಸಿನ ಫೈಲು ವಾರ್ಡಿನಲ್ಲೇ ಉಳಿದಿತ್ತು, ನಮ್ಮ ಕೈಯಲ್ಲಿದ್ದದ್ದು ಅವತ್ತಿನ ರೋಗಿಗಳ ಪಟ್ಟಿ ಮಾತ್ರ. ಪಟ್ಟಿಯಲ್ಲಿ ಆರು ತಿಂಗಳು ಎಂದಿತ್ತು.

ಸರ್ಜನ್ನು ಎತ್ತರದ ಮನುಷ್ಯ, ಇಲ್ಲಿಯವರೇ, ಮಾತು ಕಡಿಮೆ. ಪಟ್ಟಿಯ ಮೇಲೆ ಪೆನ್ನು ಇಟ್ಟು ಕೇಳಿದರು, “ಆರು ಅಂದರೆ ಆರು ತುಂಬಿದೆಯೋ, ತುಂಬಬೇಕೋ?”

ಯಾರಾದರೂ ವಾರ್ಡಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ನಾನು ಬಾಯಿ ಹಾಕಿದೆ. ಈ ಕುಟುಂಬ ನನಗೆ ಗೊತ್ತು, ಮೊದಲ ಅನ್ನ ತಿನ್ನಿಸುವ ಶಾಸ್ತ್ರಕ್ಕೆ ನಾನೇ ಹೋಗಿದ್ದೆ, ನಮ್ಮಲ್ಲಿ ಅದನ್ನು ಆರನೇ ತಿಂಗಳಲ್ಲಿ ಮಾಡುತ್ತಾರೆ, ಅದಾಗಿ ಐದು ವಾರವಾಯಿತು, ಅಂದಮೇಲೆ ಕೂಸಿಗೆ ಆರು ತುಂಬಿ ಏಳು ನಡೆಯುತ್ತಿದೆ ಎಂದು ಬೆರಳು ಮಡಿಸಿ ತೋರಿಸಿದೆ. ಎಷ್ಟು ಖಚಿತವಾಗಿ ಹೇಳಿದೆನೆಂದರೆ ಯಾರಿಗೂ ಮತ್ತೆ ಕೇಳಬೇಕೆನ್ನಿಸಲಿಲ್ಲ. ಸರ್ಜನ್ನು ಪಟ್ಟಿಯಲ್ಲಿ ಗುರುತು ಹಾಕಿಕೊಂಡರು. ಮೊದಲು ಕೀಮೋ, ಸೋಮವಾರ ಬೆಳಿಗ್ಗೆ ಶುರು.

ಭಾನುವಾರ ಬೆಳಿಗ್ಗೆ ಚಪಾತಿ, ಸುಕುಮಾ ಸೊಪ್ಪಿನ ಪಲ್ಯ ಮಾಡಿಕೊಂಡು ಲಂಗಾಟಾಕ್ಕೆ ಹೋದೆ. ವಾರಾಂತ್ಯಕ್ಕೆ ಕೂಸನ್ನು ಮನೆಗೆ ಕಳಿಸಿದ್ದರು. ಬಚ್ಚಲಲ್ಲಿ ಹುಡುಗಿ ಒಬ್ಬಳೇ ಕೂಸಿನ ಮೈ ತೊಳೆಯಲು ಒದ್ದಾಡುತ್ತಿದ್ದಳು. ಅಜ್ಜಿ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಆ ಕಡೆ ಮುಖ ಮಾಡಿ ಕೂತಿದ್ದರು.

“ಇವತ್ತು ನೀವು ಎರೀಲಿಲ್ವೇನಮ್ಮಾ?” ಎಂದೆ.

“ಇನ್ಮೇಲೆ ನಾನು ಮುಟ್ಟಲ್ಲ ಡಾಕ್ಟ್ರೇ. ಮಗೂ ಹೊಟ್ಟೆ ಒತ್ತಬೇಡಿ ಅಂತ ಆಸ್ಪತ್ರೇಲಿ ಹೇಳಿದ್ರಂತೆ. ದಿನಾ ಕಾಲ್ಮೇಲೆ ಹಾಕ್ಕೊಂಡು ಒತ್ತಿ ಒತ್ತಿ ಎಣ್ಣೆ ತಿಕ್ದವಳು ನಾನೇ ಅಲ್ವಾ.”

ನನಗೆ ಕೋಪ ಬಂತು, ಅವರ ಮೇಲಲ್ಲ, ಅರ್ಧ ಮಾತು ಹೇಳಿ ಕಳಿಸಿದ ನಮ್ಮವರ ಮೇಲೆ. ಒತ್ತಬೇಡಿ ಅನ್ನುವುದು ಗಡ್ಡೆ ಒಡೆಯದಿರಲಿ ಅಂತ. ತಿಕ್ಕಿದ್ದರಿಂದ ಗಡ್ಡೆ ಹುಟ್ಟುವುದಿಲ್ಲ. ನಿಮ್ಮ ಕೈಗೆ ಅದು ಸಿಗದೆ ಇದ್ದಿದ್ದರೆ ಇನ್ನೂ ಒಳಗೇ ಬೆಳೆಯುತ್ತಿತ್ತು ಎಂದು ಅವರ ಎದುರು ಕೂತು ನಿಧಾನವಾಗಿ ಹೇಳಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದೆ.

“ಆರು ತುಂಬಿರೋ ಕೂಸು, ಗಟ್ಟಿಮುಟ್ಟಾಗಿದೆ, ಔಷಧಿ ತಡ್ಕೊಳತ್ತೆ ಬಿಡಿ.”

“ಆರೆಲ್ಲಿ ತುಂಬ್ತು? ಐದು ತುಂಬಿ ಆರಕ್ಕೆ ಬಿದ್ದಿದೆ ಅಷ್ಟೆ. ಆಸ್ಪತ್ರೇಲಿ ಕೇಳ್ದಾಗ್ಲೂ ಆರು ನಡೀತಿದೆ ಅಂತ ನಾನೇ ಹೇಳ್ದೆ.”

“ಅನ್ನಪ್ರಾಶನ ಆಗೇ ಐದು ವಾರ ಆಯ್ತಲ್ಲಮ್ಮಾ.”

“ಆಯ್ತು. ಐದನೇ ತಿಂಗಳಲ್ಲಿ ಮಾಡಿದ್ವಿ. ಹೆಣ್ಣು ಕೂಸಿಗೆ ಬೆಸ ತಿಂಗಳಲ್ಲಿ ಅಲ್ವಾ ಮಾಡೋದು? ಸಮ ತಿಂಗಳು ಗಂಡು ಮಕ್ಕಳಿಗೆ. ನಿಮಗೆ ಗೊತ್ತಿಲ್ದೆ ಇರತ್ತಾ?”

ಗೊತ್ತಿರಲಿಲ್ಲ. ನನಗಿರುವುದು ಎರಡೂ ಗಂಡು. ಇಬ್ಬರಿಗೂ ಆರನೇ ತಿಂಗಳಲ್ಲಿ ಮಾಡಿದ್ದೆವು, ಅತ್ತೆ ಹೇಳಿದ ದಿನ ಹೇಳಿದ ಹಾಗೆ ಮಾಡಿ ಮುಗಿಸಿದ್ದೆ, ಹೆಣ್ಣಾಗಿದ್ದರೆ ಯಾವ ತಿಂಗಳು ಎಂದು ಕೇಳುವ ಪ್ರಮೇಯವೇ ಬಂದಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು, ಊರಿಗೆಲ್ಲ ಮೊದಲು ವಯಸ್ಸು ಹೇಳಿ ಎಂದು ಪಾಠ ಮಾಡುವ ನಾನು, ನಮ್ಮದೇ ಶಾಸ್ತ್ರವನ್ನು ಅರ್ಧ ತಿಳಿದುಕೊಂಡು ಡಾಕ್ಟರುಗಳ ಸಭೆಯಲ್ಲಿ ಸಾಕ್ಷಿ ಹೇಳಿ ಬಂದಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಬಚ್ಚಲ ಬಾಗಿಲಿಗೆ ಓಡಿ ಕೂಸು ಹುಟ್ಟಿದ ತಾರೀಕು ಕೇಳಿದೆ. ಬೆರಳಲ್ಲಿ ಎಣಿಸಿದೆ. ನಂಬಿಕೆ ಬರದೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಮತ್ತೆ ಎಣಿಸಿದೆ. ಐದು ತಿಂಗಳು ಒಂಬತ್ತು ದಿನ. ಅನ್ನಪ್ರಾಶನದ ದಿನ ಕತ್ತು ವಾಲುತ್ತಿದ್ದದ್ದು ಅದಕ್ಕೇ, ಆಗ ನಾಲ್ಕು ತುಂಬಿ ಐದು ಶುರುವಾಗಿತ್ತು ಅಷ್ಟೆ. ನಾಚಿಕೆ ಒಂದು ಕಡೆ ಇರಲಿ, ಈ ಕೂಸಿಗೆ ಇನ್ನೊಂದು ದಾರಿ ಇತ್ತು. ಅದು ಮುಚ್ಚುವುದಕ್ಕೆ ಸೋಮವಾರ ಬೆಳಿಗ್ಗೆ ತನಕ ಸಮಯ ಇತ್ತು.

“ಏನಾಯ್ತು ಆಂಟಿ?” ಎಂದಳು ಹುಡುಗಿ, ಒದ್ದೆ ಕೂಸನ್ನು ಎದೆಗೆ ಆನಿಸಿಕೊಂಡು.

“ಒಳ್ಳೇದೇ ಆಗ್ಬೋದು. ಹೇಳ್ತೀನಿ, ಈಗ ಟೈಮಿಲ್ಲ,” ಅಂದವಳು ಚಪಾತಿ ಡಬ್ಬಿಯನ್ನು ಕೆಳಗಿಡುವುದನ್ನೂ ಮರೆತು ಮೆಟ್ಟಿಲಿಳಿದೆ.

ಆಪರೇಷನ್ನಿಗೆ ಹೂಂ ಅನ್ನಬೇಕಾದವರು ಸರ್ಜನ್ನು, ಅವರ ಫೋನ್ ಆಫ್. ಭಾನುವಾರ ಮಧ್ಯಾಹ್ನ ಅವರು ಮುಥೈಗಾದ ಮಾವನ ಮನೆಯಲ್ಲಿ ಊಟಕ್ಕಿರುತ್ತಾರೆ, ಅಲ್ಲಿ ಫೋನ್ ತೆಗೆದರೆ ಅತ್ತೆಗೆ ಆಗುವುದಿಲ್ಲ ಎಂದು ಆಸ್ಪತ್ರೆಗೆಲ್ಲ ಗೊತ್ತು. ಆ ಮನೆಗೆ ಒಮ್ಮೆ ಒಂದು ಸಮಾರಂಭಕ್ಕೆ ಹೋಗಿದ್ದೆ. ಹೊರಟೆ. ಊರಿನ ಈ ತುದಿಯಿಂದ ಆ ತುದಿಗೆ. ಭಾನುವಾರವಾದ್ದರಿಂದ ರಸ್ತೆ ಖಾಲಿ ಇರುತ್ತದೆ ಅಂದುಕೊಂಡರೆ ಚರ್ಚು ಬಿಡುವ ಹೊತ್ತು. ಒಂದು ಮಟಾಟು ವ್ಯಾನು ನನ್ನ ಕಾರಿನ ಮೂತಿಗೇ ಬಂದು ನಿಂತು ಜನ ಇಳಿಸತೊಡಗಿತು. ನಾನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಕಂಡಕ್ಟರು ಬಗ್ಗಿ ನೋಡಿ “ಪೋಲೆ, ಮಾಮಾ” ಎಂದ. ಮಾಮಾ ಅಂದರೆ ಇಲ್ಲಿ ಅಮ್ಮ. ಕ್ಷಮೆ ಕೇಳಿದನೋ, ಅಯ್ಯೋ ಪಾಪ ಎಂದನೋ, ಎರಡಕ್ಕೂ ನಾನು ತಯಾರಿದ್ದೆ. ದಾರಿಯುದ್ದಕ್ಕೂ ಗಟ್ಟಿಯಾಗಿ ಐದು ಒಂಬತ್ತು, ಐದು ಒಂಬತ್ತು ಎಂದು ಹೇಳಿಕೊಳ್ಳುತ್ತಲೇ ಇದ್ದೆ.

ಗೇಟಿನ ಕಾವಲುಗಾರ ಒಳಗೆ ಕೇಳಿ ಬಿಟ್ಟ. ಹುಲ್ಲುಹಾಸಿನ ಮೇಲೆ ಉದ್ದನೆಯ ಮೇಜು, ಇಪ್ಪತ್ತು ಜನ, ಸೂಟು ಹಾಕಿದ ಮಾವ. ಕೈಯಲ್ಲಿ ಚಪಾತಿ ಡಬ್ಬಿ ಹಿಡಿದು ಬೆವರುತ್ತಾ ನಿಂತ ನನ್ನನ್ನು ಎಲ್ಲರೂ ನೋಡಿದರು. ಸರ್ಜನ್ನು ನ್ಯಾಪ್ಕಿನ್ ಇಟ್ಟು ಎದ್ದು ಬಂದರು.

“ಲಂಗಾಟಾದ ಕೂಸಿಗೆ ಐದು ತಿಂಗಳು ಒಂಬತ್ತು ದಿನ. ಆರು ತುಂಬಿಲ್ಲ,” ಎಂದೆ.

“ತುಂಬಿದೆ ಅಂತ ಯಾರು ಹೇಳಿದ್ದು?”

“ನಾನು.”

ಅವರು ಕಾಗದ ತೋರಿಸಿ ಎಂಬಂತೆ ಕೈ ಚಾಚಿದರು. ಹುಟ್ಟಿದ ತಾರೀಕಿನ ಕಾಗದದ ಫೋಟೋವನ್ನು ದಾರಿಯಲ್ಲೇ ಹುಡುಗಿಯಿಂದ ಫೋನಿಗೆ ತರಿಸಿಕೊಂಡಿದ್ದೆ, ಅದನ್ನು ತೋರಿಸಿದೆ. ಅವರೂ ಬೆರಳಲ್ಲಿ ಎಣಿಸಿದರು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

“ಸವಾ, ಸರಿ,” ಎಂದರು. “ಸೋಮವಾರದ ಕೀಮೋ ನಿಲ್ಲಿಸುತ್ತೇನೆ. ಕ್ಯಾನ್ಸರ್ ಡಾಕ್ಟರಿಗೆ ನಾನು ಹೇಳುತ್ತೇನೆ. ಮಂಗಳವಾರ ಆಪರೇಷನ್. ಊಟ ಮಾಡಿದ್ದೀರಾ?”

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಳ್ಳಬಾರದು. ತೀರ ಎಳೆಯ ಕೂಸುಗಳಲ್ಲೇ ಹೆಚ್ಚಾಗಿ ಕಾಣುವ ಮೂರನೆಯ ಗಡ್ಡೆ ಒಂದಿದೆ, ಅಪರೂಪದ್ದು, ರಾಕ್ಷಸ ಜಾತಿಯದು. ಅದಕ್ಕೆ ಆಪರೇಷನ್ನೂ ಸಾಲದು, ಕೀಮೋವೂ ಸಾಲದು. ವಯಸ್ಸು ಸರಿಪಡಿಸಿದ್ದರಿಂದ ಒಳ್ಳೆಯದರ ಸಾಧ್ಯತೆ ಹೆಚ್ಚಿತ್ತು, ಇದರದೂ ಹೆಚ್ಚಿತ್ತು. ಇದನ್ನು ಆ ಮನೆಯವರಿಗೆ ಸರ್ಜನ್ನು ಹೇಳಿದ್ದರು.  

ಮಂಗಳವಾರ ಮಧ್ಯಾಹ್ನ ಡಬ್ಬಿ ಬಂತು. ಕಿರಿಯ ಡಾಕ್ಟರು ಕಾಗದ ಎತ್ತಿ, “ಐದು ತಿಂಗಳು ಹನ್ನೊಂದು ದಿನ,” ಎಂದು ಓದಿ, ಮಾರ್ಕರನ್ನು ಮೊದಲು ನನ್ನ ಕೈಗೆ ಚಾಚಿದಳು. ನಾನು ಬರೆಯುವುದಿಲ್ಲ ಎಂದೆ. ಅವಳು ಬೇರೆಯವರ ಕಡೆ ನೋಡಿ, ಮಾರ್ಕರಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡಳು. ಅವತ್ತು ಆಟ ಆಗಲಿಲ್ಲ.

ಕಿಡ್ನಿ ನನ್ನ ಅಂಗೈಯಲ್ಲಿ ಕೂರುವಂತಿರಬೇಕಿತ್ತು, ಎರಡು ಕೈಯಲ್ಲಿ ಹಿಡಿಯಬೇಕಾಯಿತು. ಹೊರಮೈಗೆ ಶಾಯಿ ಬಳಿದೆವು, ಗಡ್ಡೆ ಅಂಚಿನವರೆಗೆ ಬಂದಿದೆಯೋ ಇಲ್ಲವೋ ಆಮೇಲೆ ಗೊತ್ತಾಗಲಿ ಎಂದು. ಉದ್ದನೆಯ ಚಾಕು ತೆಗೆದುಕೊಂಡೆ. ನೆಫ್ರೋಬ್ಲಾಸ್ಟೋಮಾ ಆದರೆ ಚಾಕು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಆ ರಾಕ್ಷಸ ಗಡ್ಡೆಯೂ ಮೆತ್ತಗೇ, ಒಳಗೆಲ್ಲ ರಕ್ತ, ಕೊಳೆತ ಭಾಗ. ಇಲ್ಲಿ ಚಾಕು ತಡೆಯಿತು. ಇನ್ನಷ್ಟು ಒತ್ತಿದೆ. ಒಳಗೆ ಬಿಗಿಯಾದ, ಬಿಳಿಚಿಕೊಂಡ, ಸುರುಳಿ ಸುರುಳಿ ಎಳೆಗಳು. ರಕ್ತವಿಲ್ಲ, ಕೊಳೆತದ್ದಿಲ್ಲ. ಹೆಂಗಸರ ಗರ್ಭಕೋಶದಲ್ಲಿ ಬರುವ ನಿರುಪದ್ರವಿ ಗಡ್ಡೆಯನ್ನು ದಿನಾ ನೋಡುವ ನಮ್ಮ ಕಿರಿಯ ಡಾಕ್ಟರು, “ಇದು ಅದರ ಥರಾನೇ ಇದೆಯಲ್ಲ, ಮೇಡಂ,” ಎಂದಳು. ಹೌದು, ಥೇಟ್ ಅದೇ.  ಅವಳ ಕೈಗೆ ಚಾಕು ಕೊಟ್ಟು ಒಂದು ನಿಮಿಷ ಕಿಟಕಿಯ ಹತ್ತಿರ ಹೋಗಿ ನಿಂತೆ. ಖುಷಿಗೆ ಕಾಲು ನಿಲ್ಲುತ್ತಿರಲಿಲ್ಲ, ಆದರೆ ಬರಿಗಣ್ಣಿಗೆ ಕಂಡದ್ದನ್ನೇ ನಂಬಿ ವರದಿ ಬರೆಯುವಂತಿಲ್ಲ. ಗಡ್ಡೆಯನ್ನು ತೆಳ್ಳಗೆ ಕೊಯ್ದು ಅಂಟಿಸಿದ ಗಾಜಿನ ಪಟ್ಟಿಗಳು ಸಿದ್ಧವಾಗುವುದು ಗುರುವಾರಕ್ಕೆ.

ಬುಧವಾರ ನಾನು ಮನೆಯಲ್ಲಿ ಏನು ಮಾಡಿದೆ ಎಂದು ನನ್ನ ಗಂಡನನ್ನು ಕೇಳಬೇಕು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆನಂತೆ.

ಗುರುವಾರ ಬೆಳಿಗ್ಗೆ ಗಾಜಿನ ಪಟ್ಟಿಗಳು ಬಂದವು. ಮೊದಲನೆಯದನ್ನು ಸೂಕ್ಷ್ಮದರ್ಶಕಕ್ಕೆ ಏರಿಸಿದೆ. ಉದ್ದುದ್ದ ಜೀವಕೋಶಗಳು ಕಟ್ಟುಕಟ್ಟಾಗಿ, ಒಂದರ ಪಕ್ಕ ಒಂದು, ಶಾಂತವಾಗಿ ಮಲಗಿದ್ದವು. ನಡುನಡುವೆ ಸಿಕ್ಕಿಕೊಂಡ ಕೂಸಿನ ಒಳ್ಳೆಯ ಕಿಡ್ನಿಯ ಚೂರುಗಳು. ರಾಕ್ಷಸನ ಸುಳಿವಿಲ್ಲ. ಮೀಸೋಬ್ಲಾಸ್ಟಿಕ್ ನೆಫ್ರೋಮಾ. ಇನ್ನು ಉಳಿದದ್ದು ಅಂಚು. ಈ ಗಡ್ಡೆ ಹಿಂದೆ ಚೂರು ಉಳಿದರೆ ಮತ್ತೆ ಬರುತ್ತದೆ, ಅದೂ ರಕ್ತನಾಳಗಳು ಒಳಹೋಗುವ ಕಡೆ ಉಳಿಯುವುದು ಜಾಸ್ತಿ. ಆ ಜಾಗದಿಂದ ಎಂಟು ತುಂಡು ತೆಗೆದಿದ್ದೆ. ಒಂದೊಂದನ್ನೂ ಈ ತುದಿಯಿಂದ ಆ ತುದಿಗೆ ನೋಡಿದೆ. ಏಳನೆಯದರಲ್ಲಿ ಗಡ್ಡೆಯ ಎಳೆಯೊಂದು ಶಾಯಿಯ ಕಡೆಗೆ ಹೊರಟಿತ್ತು. ಅದರ ಹಿಂದೆಯೇ ಹೋದೆ. ಶಾಯಿಗಿಂತ ಮೊದಲೇ ನಿಂತಿತ್ತು, ನಡುವೆ ಒಳ್ಳೆಯ ಕೊಬ್ಬಿನ ಪದರ. ಎಂಟನೆಯದೂ ಚೊಕ್ಕಟ. ಸಾಮಾನ್ಯವಾಗಿ ವರದಿಯನ್ನು ಕಂಪ್ಯೂಟರಿನಲ್ಲಿ ಹಾಕಿದರೆ ನನ್ನ ಕೆಲಸ ಮುಗಿಯಿತು. ರೋಗಿಯ ಮನೆಯವರಿಗೆ ಹೇಳುವುದು ಸರ್ಜನ್ನಿನ ಕೆಲಸ. ಅವರಿಗೆ ಫೋನ್ ಮಾಡಿ ಓದಿ ಹೇಳಿದೆ. “ನೀವೇ ಹೋಗಿ ಹೇಳಿ,” ಎಂದರು.

ಮೂರು ಮಹಡಿ ಲಿಫ್ಟಿಗೆ ಕಾಯದೆ ಹತ್ತಿದೆ. ಕೂಸು ನಿದ್ದೆಯಲ್ಲಿತ್ತು, ಹೊಟ್ಟೆಗೆ ಪಟ್ಟಿ ಕಟ್ಟಿದ್ದರು. ಹುಡುಗಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು.

“ಒಳ್ಳೇ ಗಡ್ಡೆ. ಪೂರ್ತಿ ತೆಗ್ದಿದಾರೆ. ಕೀಮೋ ಬೇಡ. ಆಗಾಗ ಸ್ಕ್ಯಾನ್ ಮಾಡಿ ನೋಡ್ತಿದ್ರೆ ಸಾಕು.”

ಅವಳು ಮತ್ತೆ ಸ್ಟೂಲಿನ ಮೇಲೆ ಕೂತಳು. “ಇನ್ನೊಂದ್ಸಲ ಹೇಳಿ ಆಂಟಿ.”

ಮತ್ತೆ ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಶುಕ್ರವಾರ ಕೀಮೋ ಅಂತ ತೀರ್ಮಾನವಾದದ್ದು ನನ್ನ ಮಾತಿನಿಂದ, ಅನ್ನಪ್ರಾಶನದ ತಿಂಗಳು ತಪ್ಪು ತಿಳಿದು ನಿನ್ನ ಮಗುವಿನ ವಯಸ್ಸನ್ನು ತಪ್ಪು ಹೇಳಿದವಳು ನಾನೇ, ನಿನ್ನ ಅಮ್ಮ ಹೇಳದೇ ಇದ್ದಿದ್ದರೆ ಸೋಮವಾರ ಔಷಧಿ ಹೋಗಿಬಿಡುತ್ತಿತ್ತು ಎಂದೆ.  ಕೂಸಿನ ಹೊದಿಕೆಯ ಅಂಚನ್ನು ಸರಿಮಾಡಿದಳು. ಅವಳು ಬೈದಿದ್ದರೆ ನಾನು ಬೈಸಿಕೊಳ್ಳುತ್ತಿದ್ದೆ.

“ಯಾಕೆ ಹೇಳಿದ್ರಿ ಆಂಟಿ ನನಗೆ? ಗೊತ್ತೇ ಆಗ್ತಿರ್ಲಿಲ್ವಲ್ಲ,” ಎಂದಳು.

“ನಿನ್ನ ಮಗು ವಿಷಯ. ನಿನಗೆ ಗೊತ್ತಿರ್ಬೇಕು.”

ಅವಳು ಕಣ್ಣು ಒರೆಸಿಕೊಂಡು ಫೋನ್ ತೆಗೆದು ಗಂಡನ ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು. “ನೀವೇ ಹೇಳಿ. ನಾನು ಹೇಳಿದ್ರೆ ಅಳು ಬರತ್ತೆ, ಅವರು ಬೇರೇನೋ ತಿಳ್ಕೋತಾರೆ. ಮೊದಲು ರಿಪೋರ್ಟ್ ಹೇಳಿ, ಆಮೇಲೆ ನಿಮ್ಮ ತಪ್ಪು ಹೇಳಿ. ಆಗ ಅವರ ಕಿವಿಗೆ ಅದು ಬೀಳಲ್ಲ.”

ಆ ಕಡೆ ಫೋನ್ ಎತ್ತಿದ ಹುಡುಗನಿಗೆ ನಾನು ತಪ್ಪನ್ನೇ ಮೊದಲು ಹೇಳಿದೆ, ಆಮೇಲೆ ವರದಿ ಹೇಳಿದೆ.  

“ಆಂಟಿ,” ಎಂದ, “ಕೀಮೋ ಬೇಡ ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ.”

ಹೇಳಿದೆ.